ಕೋಲಾರದಲ್ಲಿ ಕೂತು ಕಡಲಿನ ಪುಸ್ತಕ ಓದುವುದು ಹೇಗೆ?

"ಕಡಲಿನ ಕಾದಂಬರಿ ಓದಬೇಕು ಅಂತ ಆಸೆ. ಆದರೆ ಮೂವತ್ತು ಪುಟ ದಾಟೋದಿಲ್ಲ. ಹಡಗಿನ ಮಾತುಗಳು ತಲೆಗೆ ಹೋಗಲ್ಲ. ಎಲ್ಲಿಂದ ಶುರು ಮಾಡಲಿ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕಾಲೇಜಿನ ಹುಡುಗಿಯರು ಕೇಳುತ್ತಾರೆ, ನಿವೃತ್ತರಾದ ಮೇಷ್ಟ್ರು ಕೇಳುತ್ತಾರೆ, ಮಾಲೂರಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವ ಹುಡುಗರೂ ಕೇಳುತ್ತಾರೆ. ಹೆಚ್ಚಿನವರು ಕೊನೆಗೆ ಇನ್ನೊಂದು ಮಾತು ಸೇರಿಸುತ್ತಾರೆ: "ನಾವು ಬಯಲುಸೀಮೆಯವರು, ಕಡಲನ್ನೇ ಸರಿಯಾಗಿ ನೋಡಿಲ್ಲ. ನಮಗೆ ಅದು ಹಿಡಿಸುತ್ತಾ?"

ಹಿಡಿಸುತ್ತದೆ. ನಮಗೆ ಇನ್ನೂ ಚೆನ್ನಾಗಿಯೇ ಹಿಡಿಸುತ್ತದೆ ಅಂತ ನಾನು ನಂಬಿದ್ದೇನೆ. ಹಾಯಿಹಡಗಿನ ಕಥೆಗಳಲ್ಲಿ ನೀರಿಗಿಂತ ಗಾಳಿಯ ಮಾತೇ ಜಾಸ್ತಿ. ಆ ಜನ ಗಾಳಿಗೆ ಕಾಯುತ್ತಾರೆ. ಗಾಳಿ ಬಂದರೆ ಊಟ, ಬರದಿದ್ದರೆ ಇಲ್ಲ. ಮುಗಿಲು ನೋಡಿಕೊಂಡು ಬಿತ್ತನೆ ಬೀಜ ಕೈಯಲ್ಲಿ ಹಿಡಿದು ಕೂತ ಜನರ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಬೇಕಾಗಿರುವುದು ಒಂದಿಷ್ಟು ಪದ, ಒಂದು ನಕ್ಷೆ, ಮತ್ತೆ ಯಾವ ಪುಸ್ತಕ ಮೊದಲು ಯಾವುದು ಆಮೇಲೆ ಅನ್ನುವ ಕ್ರಮ. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಬೇಕಾಗುವ ಸಾಮಾನು

ಶಾಲೆಯ ಅಟ್ಲಾಸ್ ಒಂದು. ಫೋನಿನ ನಕ್ಷೆ ಬೇಡ. ಅದು ರಸ್ತೆ ತೋರಿಸುತ್ತದೆ, ನಮಗೆ ಅಕ್ಷಾಂಶದ ಗೆರೆ ಕಾಣಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್. ಪೆನ್ನು. ದಿನಕ್ಕೆ ಇಪ್ಪತ್ತು ನಿಮಿಷ. ಪುಸ್ತಕಗಳನ್ನು ಮೊದಲೇ ಕೊಂಡು ಗುಡ್ಡೆ ಹಾಕಬೇಡಿ. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೊದಲು ವಿಚಾರಿಸಿ. ಮುಂದೆ ಹೇಳುವ ಕೋಲ್‌ರಿಜ್, ಕಾನ್ರಾಡ್, ಮೆಲ್ವಿಲ್ ಇವರ ಹಳೆಯ ಇಂಗ್ಲಿಷ್ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ.

ಹಂತ 1: ಕಡಲು ನಿಮ್ಮಿಂದ ಎಷ್ಟು ದೂರ ಅಂತ ನೋಡಿಕೊಳ್ಳಿ

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡು ನೋಡಿದ್ದೀರಲ್ಲ. ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ, ಸರಾಸರಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಅಂತ. ಕಡಲಿನಿಂದ ಇಷ್ಟು ದೂರದ ಊರಿನಲ್ಲೂ ಕಡಲನ್ನೇ ಸೊನ್ನೆ ಅಂತ ಇಟ್ಟುಕೊಂಡು ನಮ್ಮನ್ನು ಅಳೆದಿದ್ದಾರೆ. ನಂದಿ ಬೆಟ್ಟದ 1478 ಮೀಟರ್ ಕೂಡ ಅಲ್ಲಿಂದಲೇ ಎಣಿಸಿದ್ದು.

ಇನ್ನು ಅಟ್ಲಾಸ್ ತೆಗೆಯಿರಿ. ಕೋಲಾರ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಹತ್ತಿರ. ಅಕ್ಷಾಂಶ ಅಂದರೆ ಭೂಮಧ್ಯರೇಖೆಯಿಂದ ಉತ್ತರಕ್ಕೋ ದಕ್ಷಿಣಕ್ಕೋ ನೀವು ಎಷ್ಟು ದೂರದಲ್ಲಿದ್ದೀರಿ ಅನ್ನುವ ಅಳತೆ. ಆ ಗೆರೆಯ ಮೇಲೆ ಬೆರಳಿಟ್ಟು ಪೂರ್ವಕ್ಕೆ ಸರಿಸಿ. ನೇರ ಚೆನ್ನೈ. ಮುಂದೆ ಬಂಗಾಳ ಕೊಲ್ಲಿ, ಅದನ್ನು ದಾಟಿದರೆ ಉತ್ತರ ಅಂಡಮಾನ್, ಇನ್ನೂ ಮುಂದೆ ಬ್ಯಾಂಕಾಕ್‌ನ ಆಸುಪಾಸು. ಪಶ್ಚಿಮಕ್ಕೆ ಸರಿಸಿದರೆ ಮಂಗಳೂರು, ಉಡುಪಿಯ ನಡುವೆ ಕಡಲಿಗೆ ಬೀಳುತ್ತೀರಿ. ಅರಬ್ಬಿ ಸಮುದ್ರ ದಾಟಿದರೆ ಏಡನ್ ಕಡೆ ಹೋಗುತ್ತೀರಿ.

ಇದು ಆಟದ ಹಾಗೆ ಕಂಡರೂ ನಾವಿಕರು ನಿಜವಾಗಿ ಮಾಡುತ್ತಿದ್ದ ಕೆಲಸ. ಹಡಗು ಪೂರ್ವ–ಪಶ್ಚಿಮವಾಗಿ ಎಷ್ಟು ದೂರ ಬಂದಿದೆ ಅಂತ ನಿಖರವಾಗಿ ತಿಳಿಯಲು ಹದಿನೆಂಟನೇ ಶತಮಾನದವರೆಗೂ ಒಳ್ಳೆಯ ಉಪಾಯ ಇರಲಿಲ್ಲ. ಸೂರ್ಯನನ್ನೋ ಧ್ರುವ ನಕ್ಷತ್ರವನ್ನೋ ನೋಡಿ ಅಕ್ಷಾಂಶ ಮಾತ್ರ ಹೇಳಬಹುದಿತ್ತು. ಹಾಗಾಗಿ ತಲುಪಬೇಕಾದ ಊರಿನ ಅಕ್ಷಾಂಶಕ್ಕೆ ಮೊದಲು ಹೋಗಿ, ಆಮೇಲೆ ಆ ಗೆರೆಯ ಮೇಲೇ ನೇರ ನಡೆಸುತ್ತಿದ್ದರು. ನಿಮ್ಮ ಬೆರಳು ಹೋದ ಹಾಗೆಯೇ.

ನೀರಿನ ದಾರಿಯನ್ನೂ ನೋಡಿ. ನಮ್ಮ ಪಾಲಾರ್, ಎರಡೂ ಪಿನಾಕಿನಿಗಳು ಹರಿಯುವುದು ಬಂಗಾಳ ಕೊಲ್ಲಿಗೆ. ದಕ್ಷಿಣ ಪಿನಾಕಿನಿ ಕಡಲೂರಿನ ಹತ್ತಿರ ಸೇರುತ್ತದೆ, ಉತ್ತರ ಪಿನಾಕಿನಿ ನೆಲ್ಲೂರಿನ ಕಡೆ. ಈಗ ಹೆಚ್ಚಿನ ವರ್ಷ ಮರಳೇ ಕಾಣುತ್ತದೆ, ಅದು ಬೇರೆ ನೋವು. ಆದರೆ ನಕ್ಷೆಯಲ್ಲಿ ಆ ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ತಿದ್ದಿ. ನಮ್ಮ ಹಿರಿಯರು ಕೆರೆಗಳಿಗೆ ಇಟ್ಟ ಹೆಸರುಗಳನ್ನೂ ಪಕ್ಕದಲ್ಲಿ ಬರೆಯಿರಿ. ಕೋಲಾರ ತಾಲ್ಲೂಕಿನಲ್ಲೇ ಲಕ್ಷ್ಮೀಸಾಗರ ಇದೆ, ಸೋಮಾಂಬುಧಿ ಅಗ್ರಹಾರ ಇದೆ. ಅಂಬುಧಿ ಅಂದರೆ ಕಡಲು. ಕೆರೆ ಕಟ್ಟಿದವರಿಗೆ ಅದಕ್ಕಿಂತ ದೊಡ್ಡ ಹೆಸರು ಹೊಳೆಯಲಿಲ್ಲ ಅಂತ ಕಾಣುತ್ತದೆ.

ಕವಿಗಳದ್ದೂ ಅದೇ ಕಥೆ. ಹಳೆಯ ಮಹಾಕಾವ್ಯಗಳಲ್ಲಿ ಇರಲೇಬೇಕು ಅಂತ ಹೇಳುವ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಒಂದು. ಹಾಗಾಗಿ ಒಳನಾಡಿನ ಆಸ್ಥಾನದಲ್ಲಿ ಕೂತವರೂ ಕಡಲನ್ನು ಬರೆದರು. ನೋಡದೆಯೇ ಬರೆಯಬಹುದಾದರೆ, ನೋಡದೆಯೇ ಓದಬಹುದು.

ಹಂತ 2: ಪದಗಳನ್ನು ನಮ್ಮ ಮಾತಿನಿಂದ ಕಲಿಯಿರಿ

ಹೆಚ್ಚಿನವರು ಸೋಲುವುದು ಇಲ್ಲಿ. ನಿಘಂಟು ತೆಗೆದು ಒಂದೊಂದೇ ಪದ ನೋಡುತ್ತಾ ಹೋದರೆ ಕಥೆ ಕೈ ತಪ್ಪುತ್ತದೆ. ಒಂದು ಹಾಯಿಹಡಗಿನಲ್ಲಿ ನೂರಾರು ಹಗ್ಗ, ಪ್ರತಿಯೊಂದಕ್ಕೂ ಹೆಸರು. ಅವೆಲ್ಲ ನಿಮಗೆ ಬೇಡ. ಹತ್ತು ಹನ್ನೆರಡು ಪದ ಸಾಕು, ಆದರೆ ಅವು ಬಾಯಿಪಾಠ ಆಗದೆ ಕೈಗೆ ಹತ್ತಬೇಕು.

ಫ್ಯಾದಮ್: ಆಳದ ಅಳತೆ, 6 ಅಡಿ. ಇದಕ್ಕೆ ಕನ್ನಡದಲ್ಲಿ ಕರಾರುವಾಕ್ಕಾದ ಪದ ಇದೆ: ಮಾರು. ಹೂ ಮಾರುವವರು ಎರಡೂ ಕೈ ಚಾಚಿ ಒಂದು ಮಾರು ಹೂವು ಅಳೆದು ಕೊಡುತ್ತಾರಲ್ಲ, ಅದೇ. ಇಂಗ್ಲಿಷ್ ಪದಕ್ಕೂ ಮೂಲದಲ್ಲಿ ಚಾಚಿದ ತೋಳುಗಳು ಅಂತಲೇ ಅರ್ಥ. ನಾವಿಕ ಸೀಸದ ಗುಂಡು ಕಟ್ಟಿದ ಹಗ್ಗ ನೀರಿಗೆ ಬಿಟ್ಟು, ಮೇಲೆ ಎಳೆಯುವಾಗ ತೋಳು ಚಾಚಿ ಚಾಚಿ ಎಣಿಸುತ್ತಿದ್ದ. ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಹೆಸರು ಕೇಳಿದ್ದೀರಿ. ಅದು ಅವರ ನಿಜವಾದ ಹೆಸರಲ್ಲ. ಮಿಸಿಸಿಪಿ ನದಿಯ ಹಡಗುಗಳಲ್ಲಿ ಆಳ ಅಳೆಯುವವನು ಕೂಗುತ್ತಿದ್ದ ಮಾತು, "ಎರಡು ಮಾರು" ಅಂತ. ಎರಡು ಮಾರು ನೀರಿದ್ದರೆ ಹಡಗಿಗೆ ಅಪಾಯವಿಲ್ಲ.

ಪೋರ್ಟ್, ಸ್ಟಾರ್‌ಬೋರ್ಡ್: ಹಡಗಿನ ಎಡ, ಬಲ. "ಸುಮ್ನೆ ಎಡ ಬಲ ಅನ್ನಬಾರದಾ?" ಅಂತ ಕೇಳುತ್ತೀರಿ. ನೀವು ಹಿಂದಕ್ಕೆ ತಿರುಗಿದರೆ ನಿಮ್ಮ ಎಡ ಬಲ ಬದಲಾಗುತ್ತದೆ, ಹಡಗಿನದ್ದು ಬದಲಾಗುವುದಿಲ್ಲ. ನೇಗಿಲು ಹೂಡುವಾಗ ಎಡಗೋಲಿನ ಎತ್ತು, ಬಲಗೋಲಿನ ಎತ್ತು ಅನ್ನುತ್ತೇವೆ. ನೀವು ಯಾವ ಕಡೆ ನಿಂತು ನೋಡಿದರೂ ಅದು ಎಡಗೋಲಿನ ಎತ್ತೇ. ಇದೂ ಹಾಗೆ. ಹಿಂದೆ ಚುಕ್ಕಾಣಿಯ ಹುಟ್ಟು ಬಲಗಡೆ ಇರುತ್ತಿತ್ತು, ಸ್ಟಾರ್‌ಬೋರ್ಡ್ ಪದ ಹುಟ್ಟಿದ್ದು ಅದರಿಂದ.

ವಿಂಡ್‌ವರ್ಡ್, ಲೀವರ್ಡ್: ಇವೆರಡು ಗೊತ್ತಾಗದೆ ಕಡಲಿನ ಪುಸ್ತಕ ಓದುವುದು ಕಷ್ಟ. ರಾಗಿ ತೂರುವ ಕಣ ನೆನಪಿಸಿಕೊಳ್ಳಿ. ಮೊರ ಎತ್ತಿ ಹಿಡಿದಾಗ ಗಾಳಿ ಬರುವ ಕಡೆ ವಿಂಡ್‌ವರ್ಡ್. ಹೊಟ್ಟು ಹಾರಿ ಬೀಳುವ ಕಡೆ ಲೀವರ್ಡ್. ತೂರುವಾಗ ಹೊಟ್ಟಿನ ಕಡೆ ಯಾರಾದರೂ ನಿಲ್ಲುತ್ತಾರಾ? ಇಲ್ಲ. ಈಗ ಆ ಕಡೆ ಕಲ್ಲಿನ ಗೋಡೆ ಇದೆ ಅಂದುಕೊಳ್ಳಿ, ಹೊಟ್ಟೆಲ್ಲ ಅದಕ್ಕೆ ಬಡಿಯುತ್ತದೆ. ಹಡಗು ಆ ಹೊಟ್ಟಿನ ಜಾಗದಲ್ಲಿದ್ದು, ಗೋಡೆಯ ಜಾಗದಲ್ಲಿ ಬಂಡೆಗಳ ದಡ ಇದ್ದರೆ ಅದನ್ನು ಲೀ ಶೋರ್ ಅನ್ನುತ್ತಾರೆ. ನಮಗೆ ನೆಲ ಅಂದರೆ ನೆಮ್ಮದಿ. ಆದರೆ ಬಿರುಗಾಳಿಯಲ್ಲಿ ನಾವಿಕ ನೆಲ ಕಂಡರೆ ಹೆದರುತ್ತಾನೆ, ಹಡಗನ್ನು ನಡುಕಡಲಿಗೆ ಒಯ್ಯಲು ಒದ್ದಾಡುತ್ತಾನೆ. "ದಡ ಪಕ್ಕದಲ್ಲೇ ಇದೆಯಲ್ಲ, ಯಾಕೆ ಹೋಗಲ್ಲ?" ಅಂತ ಗೊಂದಲವಾದಾಗೆಲ್ಲ ಈ ಕಣವನ್ನು ನೆನಪಿಸಿಕೊಳ್ಳಿ.

ಟ್ಯಾಕಿಂಗ್: ಹಾಯಿಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು. ಸ್ವಲ್ಪ ಎಡಕ್ಕೆ ಓರೆಯಾಗಿ, ಆಮೇಲೆ ಬಲಕ್ಕೆ ಓರೆಯಾಗಿ, ಹಾವು ಹರಿದ ಹಾಗೆ ಮುಂದೆ ಹೋಗಬೇಕು. ನಂದಿ ಬೆಟ್ಟದ ರಸ್ತೆ ಹಾಗೆ ತಿರುಗಿ ತಿರುಗಿ ಹತ್ತುತ್ತದಲ್ಲ, ಕಾರಣ ಬೇರೆ, ಲೆಕ್ಕ ಅದೇ. ಆಮೆ ವೇಗದಲ್ಲಿ ಒಂದು ದಿನವೆಲ್ಲ ಹೋಗಿ ನಾಲ್ಕು ಮೈಲಿ ಮುಂದೆ ಬಂದರು ಅಂತ ಓದಿದಾಗ ಅಚ್ಚರಿ ಪಡಬೇಡಿ.

ರೀಫ್: ಕೆಜಿಎಫ್ ಕಡೆಯವರಿಗೆ ಈ ಪದ ಮನೆಮಾತು. ಚಾಂಪಿಯನ್ ರೀಫ್ ಗಣಿಯ ಹೆಸರಿನಲ್ಲಿ ರೀಫ್ ಅಂದರೆ ಬಂಡೆಯೊಳಗಿನ ಚಿನ್ನದ ಪದರ. ಕಡಲಿನಲ್ಲಿ ರೀಫ್ ಅಂದರೆ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಅಡಗಿರುವ ಬಂಡೆಸಾಲು, ಹಡಗಿನ ತಳ ಸೀಳುವಂಥದ್ದು. ಮೂರನೆಯ ಅರ್ಥವೂ ಇದೆ: ಗಾಳಿ ಜೋರಾದಾಗ ಹಾಯಿಯ ಒಂದು ಭಾಗವನ್ನು ಮಡಿಸಿ ಕಟ್ಟುವುದು, ಪಂಚೆ ಮೇಲೆತ್ತಿ ಕಟ್ಟಿದ ಹಾಗೆ. ವಾಕ್ಯ ನೋಡಿ ಯಾವುದು ಅಂತ ತೀರ್ಮಾನಿಸಿ. ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ. ಕೆಜಿಎಫ್‌ನ ನೆಲ ಸಮುದ್ರ ಮಟ್ಟದಿಂದ 1 ಕಿಲೋಮೀಟರ್ ಕೂಡ ಎತ್ತರವಿಲ್ಲ. ಅಂದರೆ 2001ರಲ್ಲಿ ಗಣಿ ಮುಚ್ಚುವ ಮೊದಲು ನಮ್ಮ ಜಿಲ್ಲೆಯ ಜನ ಸಮುದ್ರ ಮಟ್ಟಕ್ಕಿಂತ 2 ಕಿಲೋಮೀಟರ್ ಕೆಳಗೆ ಇಳಿದು ದುಡಿದು ಬಂದಿದ್ದಾರೆ. ಮೇಲೆ ಮನೆಯವರು ಕಾಯುತ್ತಿದ್ದರು. ಹಡಗಿಗೆ ಕಾಯುವವರ ಕಥೆ ಇವರಿಗೆ ಹೇಗೆ ತಾನೇ ಅರ್ಥವಾಗದೆ ಇರುತ್ತದೆ?

ನಾಟ್: ವೇಗದ ಅಳತೆ. ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್. ನಾಟ್ ಅಂದರೆ ಗಂಟು. ಸಮ ದೂರಕ್ಕೆ ಗಂಟು ಹಾಕಿದ ಹಗ್ಗವನ್ನು ಹಡಗಿನ ಹಿಂದೆ ಬಿಟ್ಟು, ಸುಮಾರು ಅರ್ಧ ನಿಮಿಷದ ಮರಳು ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈಜಾರಿ ಹೋದವು ಅಂತ ಎಣಿಸುತ್ತಿದ್ದರು. 5 ನಾಟ್ ಅಂದರೆ ಗಂಟೆಗೆ 9 ಕಿಲೋಮೀಟರ್ ಚಿಲ್ಲರೆ, ನಿಧಾನಕ್ಕೆ ಹೋಗುವ ಸೈಕಲ್ಲು. ಆದರೆ ಆ ಸೈಕಲ್ಲು ಹಗಲೂ ರಾತ್ರಿ ನಿಲ್ಲುವುದಿಲ್ಲ, ದಿನಕ್ಕೆ 220 ಕಿಲೋಮೀಟರ್ ದಾಟುತ್ತದೆ.

ವಾಚ್: ಪಾಳಿ. ನಾಲ್ಕು ಗಂಟೆಗೆ ಒಂದು. ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆಯುತ್ತಾರೆ, ಎಂಟು ಹೊಡೆದರೆ ಪಾಳಿ ಮುಗಿಯಿತು. ಸಂಜೆ 4ರಿಂದ 8ರ ಪಾಳಿಯನ್ನು ಮಾತ್ರ ಎರಡಾಗಿ ಒಡೆಯುತ್ತಾರೆ. ಹಾಗೆ ಮಾಡಿದರೆ ದಿನಕ್ಕೆ ಏಳು ಪಾಳಿ ಆಗಿ, ಒಂದೇ ಗುಂಪಿಗೆ ದಿನಾ ನಡುರಾತ್ರಿಯ ಪಾಳಿ ಬೀಳುವುದಿಲ್ಲ. ಕಾರ್ಖಾನೆಯಲ್ಲಿ ದುಡಿಯುವ ಓದುಗರಿಗೆ ಈ ಲೆಕ್ಕ ಬೇಗ ಹೊಳೆಯುತ್ತದೆ.

ಉಳಿದವು ನಿಮಗೆ ಆಗಲೇ ಗೊತ್ತು. ಪೇಪರಿನವರು ಪಕ್ಷದ "ಚುಕ್ಕಾಣಿ" ಹಿಡಿದರು ಅಂತ ಬರೆಯುತ್ತಾರೆ. ಅದು ಹಡಗು ತಿರುಗಿಸುವ ಸಾಧನ. ಲಂಗರು, ಬಂದರು, ಹುಟ್ಟು, ಹಾಯಿ, ದಡ ಸೇರುವುದು, ಎರಡು ದೋಣಿಯ ಮೇಲೆ ಕಾಲಿಡುವುದು, ಇವೆಲ್ಲ ನಾವು ದಿನಾ ಆಡುವ ಮಾತು. ದಾಸರ ಪದಗಳಲ್ಲಿ ದೇವರೇ ಅಂಬಿಗ, ಬದುಕೇ ದಾಟಬೇಕಾದ ಕಡಲು. ಕೂವೆಕಂಬ ಅಂದರೆ ಹಾಯಿ ಕಟ್ಟುವ ಕಂಬ, ಅಷ್ಟು ಹೊಸದಾಗಿ ಕಲಿತರೆ ಸಾಕು.

ಎಚ್ಚರ: ಗಾಳಿಗೆ ಹೆಸರು ಅದು ಬರುವ ದಿಕ್ಕಿನಿಂದ. ಪಡುವಣ ಗಾಳಿ ಅಂದರೆ ಪಶ್ಚಿಮದಿಂದ ಬಂದದ್ದು. ಆದರೆ ಕಡಲಿನೊಳಗಿನ ಪ್ರವಾಹಕ್ಕೆ ಹೆಸರು ಅದು ಹೋಗುವ ದಿಕ್ಕಿನಿಂದ. ಇದನ್ನು ತಪ್ಪಾಗಿ ಹಿಡಿದರೆ ಇಡೀ ಪ್ರಯಾಣವೇ ನಿಮ್ಮ ತಲೆಯಲ್ಲಿ ತಿರುವುಮುರುವು ಆಗುತ್ತದೆ.

ಹಂತ 3: ಒಂದು ವಾರ ಗಾಳಿಯ ದಿನಚರಿ ಬರೆಯಿರಿ

ಪುಸ್ತಕ ತೆರೆಯುವ ಮೊದಲು ಇದನ್ನು ಮಾಡಲೇಬೇಕು ಅಂತ ನನ್ನ ಒತ್ತಾಯ. ಹಡಗಿನಲ್ಲಿ ಲಾಗ್‌ಬುಕ್ ಅಂತ ಇರುತ್ತದೆ, ದಿನಚರಿ. ಪ್ರತಿ ಪಾಳಿಯಲ್ಲೂ ಗಾಳಿಯ ದಿಕ್ಕು, ಜೋರು, ಹಡಗಿನ ವೇಗ ಅದರಲ್ಲಿ ಬರೆಯುತ್ತಾರೆ. ನೀವೂ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಬರೆಯಿರಿ: ತಾರೀಕು, ಹೊತ್ತು, ಗಾಳಿ ಯಾವ ಕಡೆಯಿಂದ, ಎಷ್ಟು ಜೋರು.

ಜೋರು ಹೇಳಲು 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಅನ್ನುವ ಬ್ರಿಟಿಷ್ ನೌಕಾಧಿಕಾರಿ ಮಾಡಿದ ಪಟ್ಟಿ ಇದೆ, 0ರಿಂದ 12ರವರೆಗೆ. ನೆಲದ ಮೇಲಿನ ಗುರುತುಗಳು ಆಮೇಲೆ ಸೇರಿದವು. 0 ಅಂದರೆ ಒಲೆಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತದೆ. 2ಕ್ಕೆ ಮುಖಕ್ಕೆ ಗಾಳಿ ತಾಕುತ್ತದೆ, ಎಲೆ ಸರಸರ ಅನ್ನುತ್ತದೆ. 4ಕ್ಕೆ ಧೂಳು, ಕಾಗದದ ಚೂರು ಏಳುತ್ತವೆ. 6ಕ್ಕೆ ದೊಡ್ಡ ಕೊಂಬೆ ಅಲ್ಲಾಡುತ್ತದೆ, ಕೊಡೆ ಹಿಡಿಯುವುದು ಕಷ್ಟ. 8ಕ್ಕೆ ಮರದ ಸಣ್ಣ ರೆಂಬೆ ಮುರಿಯುತ್ತವೆ, ಎದುರುಗಾಳಿಗೆ ನಡೆಯುವುದು ಕಷ್ಟ. 12 ಚಂಡಮಾರುತ, ಗಂಟೆಗೆ 118 ಕಿಲೋಮೀಟರಿಗೂ ಜಾಸ್ತಿ.

ಈ ವಾರದಲ್ಲಿ ಒಂದು ಸಂಜೆ ಹತ್ತಿರದ ನೀಲಗಿರಿ ತೋಪಿಗೆ ಹೋಗಿ. ನಮ್ಮ ಕಡೆ ಅದಕ್ಕೆ ಬರವಿಲ್ಲ. ಗಾಳಿ 4ಕ್ಕೋ 5ಕ್ಕೋ ಏರಿದಾಗ ಕಣ್ಣು ಮುಚ್ಚಿ ನಿಂತುಕೊಳ್ಳಿ. ದೂರದಿಂದ ಒಂದು ಸದ್ದು ಹೊರಟು, ಹತ್ತಿರ ಬಂದು, ತಲೆಯ ಮೇಲೆ ಒಡೆದು, ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮತ್ತೆ ಒಂದು ಕ್ಷಣ ಸುಮ್ಮನಾಗುತ್ತದೆ. ಅಲೆಯ ಸದ್ದಿಗೆ ಇಷ್ಟು ಹತ್ತಿರದ್ದು ನಮ್ಮ ಸೀಮೆಯಲ್ಲಿ ಬೇರೆ ಇಲ್ಲ.

ಮುಂಗಾರಿನಲ್ಲಿ ಈ ದಿನಚರಿ ಬರೆದರೆ ನೈರುತ್ಯದ ಗಾಳಿ, ಹಿಂಗಾರಿನಲ್ಲಿ ಬರೆದರೆ ಈಶಾನ್ಯದ ಗಾಳಿ ಬರುತ್ತದೆ. ಒಂದರಲ್ಲಿ ಅರಬ್ಬಿ ಸಮುದ್ರ ದಾಟಿ ಹಡಗುಗಳು ನಮ್ಮ ಕರಾವಳಿಗೆ ಬರುತ್ತಿದ್ದವು, ಇನ್ನೊಂದರಲ್ಲಿ ವಾಪಸ್ ಹೋಗುತ್ತಿದ್ದವು. ನಮಗೆ ರಾಗಿ ಕೊಡುವ ಗಾಳಿಯೇ ಅವರಿಗೆ ದಾರಿ. ಮಾನ್ಸೂನ್ ಅನ್ನುವ ಪದ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಅರ್ಥ ಕಾಲ, ಋತು.

ಹಂತ 4: ಸಣ್ಣ ಪುಸ್ತಕಗಳಿಂದ ಶುರು ಮಾಡಿ, ಈ ಕ್ರಮದಲ್ಲಿ

ಮೊದಲು ಕನ್ನಡದ್ದೇ ಒಂದು. ಶಿವರಾಮ ಕಾರಂತರ "ಮರಳಿ ಮಣ್ಣಿಗೆ". ಇದು ಸಣ್ಣದಲ್ಲ, ನಿಜ. ಕಡಲಿನ ಪ್ರಯಾಣದ ಕಥೆಯೂ ಅಲ್ಲ. ಕಡಲಂಚಿನ ಒಂದು ಮನೆಯ ಮೂರು ತಲೆಮಾರಿನ ಬದುಕು. ಆದರೆ ಭಾಷೆ ನಮ್ಮದಾದ್ದರಿಂದ ಓಟ ಸಿಗುತ್ತದೆ. ಇನ್ನೊಂದು ಕಾರಣಕ್ಕೂ ಇದನ್ನು ಮೊದಲಿಗೆ ಇಟ್ಟಿದ್ದೇನೆ. ಇಂಗ್ಲಿಷಿನ ಹಡಗಿನ ಕಥೆಗಳಲ್ಲಿ ಹೆಂಗಸರು ಹೆಚ್ಚಾಗಿ ಬಂದರಿನಲ್ಲೇ ಮರೆಯಾಗುತ್ತಾರೆ. ಕಾರಂತರಲ್ಲಿ ದಡದ ಬದುಕನ್ನು ಹೊತ್ತು ನಿಲ್ಲುವವರೇ ಹೆಂಗಸರು. ಮಲಯಾಳದ ತಕಳಿ ಶಿವಶಂಕರ ಪಿಳ್ಳೆಯವರ "ಚೆಮ್ಮೀನ್" (1956) ಕಾದಂಬರಿಯೂ ಹಾಗೆ. ಕಡಲಿಗೆ ಹೋದ ಗಂಡನ ಜೀವ ದಡದಲ್ಲಿರುವ ಹೆಂಡತಿಯ ನಡತೆಯ ಮೇಲೆ ನಿಂತಿದೆ ಅನ್ನುವ ಮೀನುಗಾರರ ನಂಬಿಕೆ ಒಂದು ಹೆಣ್ಣನ್ನು ಹೇಗೆ ಹಿಂಡುತ್ತದೆ ಅಂತ ಅದರಲ್ಲಿದೆ. ಇವೆರಡನ್ನು ಓದಿ ಹೊರಟವರು ಮುಂದಿನ ಪುಸ್ತಕಗಳಲ್ಲಿ "ಮನೆಯವರು ಎಲ್ಲಿ?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದು.

ಎರಡನೆಯದು ಹೆಮಿಂಗ್ವೇ ಬರೆದ "ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ" (1952). ತೆಳ್ಳಗಿನ ಪುಸ್ತಕ. ಇಂಗ್ಲಿಷ್ ಸುಲಭ, ಆದರೂ ಭಯವಿದ್ದರೆ ಅನುವಾದ ಹುಡುಕಿ. ಕ್ಯೂಬಾದ ಮುದಿ ಬೆಸ್ತ, 84 ದಿನ ಒಂದು ಮೀನೂ ಸಿಕ್ಕಿಲ್ಲ, 85ನೇ ದಿನ ಮತ್ತೆ ಹೊರಡುತ್ತಾನೆ. ಒಂದಾದ ಮೇಲೆ ಒಂದು ಬೋರು ಫೇಲಾಗಿ, ಮತ್ತೊಂದು ಪಾಯಿಂಟ್ ತೋರಿಸಲು ಹೊರಟ ರೈತರನ್ನು ಕಂಡವರಿಗೆ ಆ 84 ಬರೀ ಅಂಕಿಯಲ್ಲ. ಇದನ್ನು ಓದುವಾಗ ಅವನ ಕೈಗಳನ್ನು ಮಾತ್ರ ಹಿಂಬಾಲಿಸಿ. ಹಗ್ಗ ಎಲ್ಲಿ ಹಾದಿದೆ, ಯಾವ ಕೈ ಸೆಟೆದುಕೊಂಡಿದೆ, ಬೆನ್ನಿನ ಮೇಲೆ ಭಾರ ಹೇಗೆ ಬದಲಾಯಿಸುತ್ತಾನೆ. ಇದು ಏನನ್ನು ಸಂಕೇತಿಸುತ್ತದೆ ಅಂತ ಮೊದಲ ಓದಿನಲ್ಲೇ ಹುಡುಕಬೇಡಿ. ಪರೀಕ್ಷೆಯ ಗೈಡುಗಳು ಕಲಿಸಿದ ಈ ಚಟ ಎಷ್ಟೋ ಒಳ್ಳೆಯ ಓದುಗರನ್ನು ಕೆಡಿಸಿದೆ. ಮೀನು ಮೊದಲು ಮೀನಾಗಿರಲಿ.

ಮೂರನೆಯದು ಪದ್ಯ. ಕೋಲ್‌ರಿಜ್‌ನ ಮುದಿ ನಾವಿಕನ ಹಾಡು, 1798ರಲ್ಲಿ ಪ್ರಕಟವಾದದ್ದು. ಗಾಳಿ ಬಿದ್ದುಹೋಗಿ ಹಡಗು ನಿಂತಲ್ಲೇ ನಿಲ್ಲುತ್ತದೆ. ಭೂಮಧ್ಯರೇಖೆಯ ಹತ್ತಿರ ಹೀಗೆ ಗಾಳಿ ಸತ್ತ ಪ್ರದೇಶ ನಿಜವಾಗಿಯೂ ಇದೆ, ಡೋಲ್‌ಡ್ರಮ್ಸ್ ಅನ್ನುತ್ತಾರೆ. ಪದ್ಯದಲ್ಲಿ ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ತೊಟ್ಟಿಲ್ಲ. ಬೋರ್‌ವೆಲ್ ತುಂಬ ನೀರಿದ್ದೂ ಫ್ಲೋರೈಡ್ ಅಂತ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಂತ ನಮಗೆ ಈ ಸಂಕಟ ಹೊಸದಲ್ಲ. ಗೊತ್ತಿರಲಿ, ಇದನ್ನು ಬರೆದಾಗ ಕೋಲ್‌ರಿಜ್ ಒಂದು ದೊಡ್ಡ ಕಡಲ ಪ್ರಯಾಣವನ್ನೂ ಮಾಡಿರಲಿಲ್ಲ. ಜೋರಾಗಿ ಓದಿ, ಮನಸ್ಸಿನಲ್ಲಿ ಓದಿದರೆ ಅರ್ಧ ಕೈತಪ್ಪುತ್ತದೆ.

ನಾಲ್ಕನೆಯದು ಜೋಸೆಫ್ ಕಾನ್ರಾಡ್‌ನ "ದಿ ಶ್ಯಾಡೋ ಲೈನ್" (1917). ಮೊದಲ ಸಲ ಕ್ಯಾಪ್ಟನ್ ಆದ ಯುವಕ, ಬ್ಯಾಂಕಾಕ್‌ನಿಂದ ಹೊರಟ ಹಡಗು, ಗಾಳಿಯಿಲ್ಲ, ಹಡಗಿನವರಲ್ಲಿ ಹೆಚ್ಚಿನವರಿಗೆ ಜ್ವರ. ಅಟ್ಲಾಸ್‌ನಲ್ಲಿ ನಿಮ್ಮ ಬೆರಳು ಪೂರ್ವಕ್ಕೆ ಹೋಗಿ ಮುಟ್ಟಿದ್ದು ಇದೇ ನೀರಿನ ಅಂಚನ್ನು. ಏನೂ ನಡೆಯದೆ ಇರುವುದನ್ನು ಇಷ್ಟು ಬಿಗಿಯಾಗಿ ಬರೆದದ್ದು ನಾನು ಬೇರೆ ಕಡೆ ಓದಿಲ್ಲ. ಜೂನ್ ಕಳೆದು ಜುಲೈ ಬಂದರೂ ಮಳೆ ಬಾರದ ವರ್ಷದಲ್ಲಿ ಓದಿದರೆ ಎದೆಗೆ ನಾಟುತ್ತದೆ. ಕಾನ್ರಾಡ್ ಹುಟ್ಟಿದ್ದು ಪೋಲಿಷ್ ಕುಟುಂಬದಲ್ಲಿ, ಇಂಗ್ಲಿಷ್ ಕಲಿತದ್ದು ಇಪ್ಪತ್ತರ ಹರೆಯದಲ್ಲಿ, ಹಡಗಿನಲ್ಲಿ ದುಡಿಯುತ್ತಾ. "ನಮ್ಮದು ಕನ್ನಡ ಮೀಡಿಯಂ" ಅಂತ ಹಿಂಜರಿಯುವವರಿಗೆ ಇದನ್ನು ಹೇಳುತ್ತಿದ್ದೇನೆ.

ಹಂತ 5: ಆಮೇಲೆ ದೊಡ್ಡದಕ್ಕೆ ಕೈ ಹಾಕಿ

ಹರ್ಮನ್ ಮೆಲ್ವಿಲ್‌ನ "ಮೋಬಿ ಡಿಕ್" (1851). ಹೆಚ್ಚಿನವರು ಇದರಿಂದಲೇ ಶುರು ಮಾಡಿ ಅರ್ಧಕ್ಕೆ ಬಿಡುತ್ತಾರೆ. ನಾನೂ ಮೊದಲ ಸಲ ಬಿಟ್ಟೆ. ತಪ್ಪು ನಿರೀಕ್ಷೆಯೇ ಕಾರಣ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. 135 ಅಧ್ಯಾಯಗಳಿವೆ. ಹಡಗು ಬಂದರು ಬಿಡುವುದೇ 22ನೆಯದರಲ್ಲಿ. ಕ್ಯಾಪ್ಟನ್ ಅಹಾಬ್ ಕಣ್ಣಿಗೆ ಬೀಳುವುದು 28ರಲ್ಲಿ. ಬಿಳಿ ತಿಮಿಂಗಿಲ ಎದುರಾಗುವುದು ಕೊನೆಯ ಮೂರು ಅಧ್ಯಾಯಗಳಲ್ಲಿ. "ತಿಮಿಂಗಿಲ ಯಾವಾಗ ಬರುತ್ತೆ?" ಅಂತ ಪುಟ ತಿರುವಿದರೆ ಸೋಲು ಖಂಡಿತ.

ನನ್ನ ಸಲಹೆ: ಮೊದಲ ಪುಟದಿಂದ ಶುರು ಮಾಡಬೇಡಿ. 60ನೇ ಅಧ್ಯಾಯ ತೆಗೆಯಿರಿ. ಮೂರು ನಾಲ್ಕು ಪುಟ, ಒಂದು ಹಗ್ಗದ ಬಗ್ಗೆ. ಈಟಿಗೆ ಕಟ್ಟಿದ ಹಗ್ಗ ಸುಮಾರು ಬೆರಳಿನಷ್ಟು ದಪ್ಪ, ಉದ್ದ 200 ಮಾರಿಗೂ ಜಾಸ್ತಿ. ಲೆಕ್ಕ ಹಾಕಿ, 1200 ಅಡಿ. ನಮ್ಮ ತೋಟದ ಬೋರ್‌ವೆಲ್ಲಿನ ಆಳ. ಅಷ್ಟು ಹಗ್ಗವನ್ನು ಒಂದು ಸಿಕ್ಕೂ ಇಲ್ಲದಂತೆ ತೊಟ್ಟಿಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಅದು ದೋಣಿಯ ಉದ್ದಕ್ಕೂ, ಕೂತ ಪ್ರತಿಯೊಬ್ಬನ ಮೈ ಪಕ್ಕದಲ್ಲೇ ಹಾದುಹೋಗುತ್ತದೆ. ಈಟಿ ತಾಗಿದ ಕೂಡಲೇ ತಿಮಿಂಗಿಲ ಅದನ್ನು ಎಳೆದುಕೊಂಡು ಓಡುತ್ತದೆ. ಯಾರ ಕೈಗೋ ಕುತ್ತಿಗೆಗೋ ಸುತ್ತಿದರೆ ಮುಗಿಯಿತು. ಅದು ಗೊತ್ತಿದ್ದೂ ಅವರು ನಗುನಗುತ್ತಾ ಹುಟ್ಟು ಹಾಕುತ್ತಾರೆ. ಈ ಅಧ್ಯಾಯ ಹಿಡಿಸಿದರೆ ಇಡೀ ಪುಸ್ತಕ ಹಿಡಿಸುತ್ತದೆ. ಹಿಡಿಸದಿದ್ದರೆ ಒಂದು ವರ್ಷ ಬಿಟ್ಟು ನೋಡಿ, ಏನೂ ನಷ್ಟವಿಲ್ಲ.

ದಿನಕ್ಕೆ ಎರಡು ಅಧ್ಯಾಯ ಅಂದರೆ 68 ದಿನ. 32ನೇ ಅಧ್ಯಾಯ ತಿಮಿಂಗಿಲಗಳ ಜಾತಿ ವಿಂಗಡಣೆ. ಅಲ್ಲಿ ಎಷ್ಟೋ ಜನ ಮುಳುಗುತ್ತಾರೆ. ಅದನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ವಾಪಸ್ ಬನ್ನಿ. ಅದರಲ್ಲಿ ತಿಮಿಂಗಿಲವನ್ನು ಮೀನು ಅಂತ ವಾದಿಸಿದ್ದಾರೆ, ವಿಜ್ಞಾನ ಹೇಳುವುದು ಸಸ್ತನಿ ಅಂತ. ಆದರೆ ತಿಮಿಂಗಿಲ ಹಡಗನ್ನೇ ಗುದ್ದಿ ಮುಳುಗಿಸುವುದು ಕಟ್ಟುಕಥೆ ಅಲ್ಲ. 1820ರ ನವೆಂಬರಿನಲ್ಲಿ ಎಸೆಕ್ಸ್ ಅನ್ನುವ ಹಡಗು ಪೆಸಿಫಿಕ್ ಸಾಗರದಲ್ಲಿ ಹಾಗೆಯೇ ಮುಳುಗಿತು. ಮೆಲ್ವಿಲ್ ತಾನೂ 1841ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿದ್ದವನು.

ಇದಾದ ಮೇಲೆ ನಮ್ಮ ಕಡಲಿಗೆ ಬರಬೇಕೆನಿಸಿದರೆ ಅಮಿತಾವ್ ಘೋಷ್ ಅವರ "ಸೀ ಆಫ್ ಪಾಪೀಸ್" (2008) ಇದೆ. ಬ್ರಿಟಿಷರ ಹಡಗುಗಳಲ್ಲಿ ಕೂವೆಕಂಬ ಹತ್ತಿ ದುಡಿದ ಲಸ್ಕರ್‌ಗಳು, ಅಂದರೆ ಏಷ್ಯಾದ ಖಲಾಸಿಗಳು, ಆಡುತ್ತಿದ್ದ ಬೆರಕೆ ಮಾತು ಅದರ ತುಂಬ ಇದೆ. ಆ ಮಾತಿಗೆ ಘೋಷ್ ಆಧಾರ ಮಾಡಿಕೊಂಡದ್ದರಲ್ಲಿ 1811ರ ಒಂದು ಹಡಗಿನ ನಿಘಂಟೂ ಸೇರಿದೆ. ಇದನ್ನು ಓದುವಾಗ ಎಲ್ಲ ಪದ ಅರ್ಥವಾಗಬೇಕು ಅಂತ ಹಟ ಹಿಡಿಯಬೇಡಿ. ಸಂತೆಯಲ್ಲಿ ತೆಲುಗು, ತಮಿಳು, ಉರ್ದು ಎಲ್ಲ ಒಟ್ಟಿಗೆ ಕಿವಿಗೆ ಬಿದ್ದರೂ ವ್ಯಾಪಾರ ಮಾಡಿಕೊಂಡು ಬರುವ ಕೋಲಾರದವರಿಗೆ ಅದು ಕಷ್ಟವಾಗುವುದಿಲ್ಲ.

ಹಂತ 6: ಈಗ ಕಡಲು ನೋಡಿ ಬನ್ನಿ

ಕಡೇ ಪಕ್ಷ ಎರಡು ಪುಸ್ತಕ ಮುಗಿಸಿದ ಮೇಲೆ ಹೋಗಿ. ಮೊದಲೇ ಹೋದರೆ ಅಲೆ ಕಾಣುತ್ತದೆ, ಫೋಟೋ ಬರುತ್ತದೆ, ಅಷ್ಟೇ. ನಮಗೆ ಹತ್ತಿರದ್ದು ಚೆನ್ನೈ, ರಸ್ತೆಯಲ್ಲಿ ಸುಮಾರು 270 ಕಿಲೋಮೀಟರ್. ಬಂಗಾರಪೇಟೆಯಲ್ಲಿ ರೈಲು ಸಿಗುತ್ತದೆ. ಹಿಂದಿನ ದಿನವೇ ತಲುಪಿ, ಬೆಳಕು ಹರಿಯುವ ಮೊದಲು ದಡದಲ್ಲಿರಿ. ಮರೀನಾದಲ್ಲಿ ನೀರಿಗೆ ಮಾತ್ರ ಇಳಿಯಬೇಡಿ. ಅಲ್ಲಿ ಸ್ನಾನಕ್ಕೆ, ಈಜಿಗೆ ನಿಷೇಧವಿದೆ. ಮೇಲೆ ಶಾಂತವಾಗಿ ಕಂಡರೂ ಒಳಗಿನ ಸೆಳೆತ ಕಾಲು ಕೀಳುತ್ತದೆ. ಕೆರೆಯಲ್ಲಿ ಈಜು ಬರುತ್ತದೆ ಅನ್ನುವ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ಕಾಸಿಮೇಡು ಮೀನು ಬಂದರಿನ ಕಡೆ ಹೋಗಿ. ದೋಣಿ ಕಂಡ ಕೂಡಲೇ ಅದರ ಮೂತಿ ಯಾವ ಕಡೆ ಇದೆ ನೋಡಿ, ಪೋರ್ಟ್ ಯಾವುದು, ಸ್ಟಾರ್‌ಬೋರ್ಡ್ ಯಾವುದು ಹೇಳಿಕೊಳ್ಳಿ. ಕಟ್ಟುಮರ ಕಂಡರೆ ಹತ್ತಿರದಿಂದ ನೋಡಿ. ಇಂಗ್ಲಿಷಿನ ಕ್ಯಾಟಮರಾನ್ ಪದ ತಮಿಳಿನ ಈ ಕಟ್ಟುಮರದಿಂದ ಹೋದದ್ದು. ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ, ಮರದ ದಿಮ್ಮಿಗಳನ್ನು ಕಟ್ಟಿರುವುದು. ಮೋಟಾರು ಬರುವ ಮೊದಲು ಇವರು ನಸುಕಿನಲ್ಲಿ ನೆಲದಿಂದ ಕಡಲಿಗೆ ಬೀಸುವ ಗಾಳಿ ಹಿಡಿದು ಹೊರಡುತ್ತಿದ್ದರು. ಬಿಸಿಲೇರಿದ ಮೇಲೆ ನೆಲ ಕಾದು, ಗಾಳಿ ತಿರುಗಿ, ಕಡಲಿಂದ ನೆಲಕ್ಕೆ ಬೀಸತೊಡಗುತ್ತದೆ. ಆಗ ಅದನ್ನು ಹಿಡಿದು ವಾಪಸ್ ಬರುತ್ತಿದ್ದರು.

ಅವಸರ ಮಾಡಿ ಹನ್ನೊಂದರ ರೈಲಿಗೆ ಓಡಬೇಡಿ. ಮಧ್ಯಾಹ್ನದವರೆಗೆ ದಡದಲ್ಲಿ ನೆರಳು ಹುಡುಕಿ ಕೂತಿರಿ. ಬೆಳಗಿನಿಂದ ಬೆನ್ನಿಗೆ ಇದ್ದ ಗಾಳಿ ಒಂದು ಹೊತ್ತಿನಲ್ಲಿ ನಿಲ್ಲುತ್ತದೆ. ಸೆಕೆ ಏರುತ್ತದೆ, ಅಂಗಿ ಮೈಗೆ ಅಂಟುತ್ತದೆ, ಯಾವ ಕಡೆಯಿಂದಲೂ ಏನೂ ಇಲ್ಲ. ಆಮೇಲೆ ಮುಖಕ್ಕೆ ಉಪ್ಪಿನ ವಾಸನೆಯ ಗಾಳಿ ತಣ್ಣಗೆ ತಾಕುತ್ತದೆ. ಆಗ ನೋಟ್‌ಬುಕ್ ತೆಗೆದು ಒಂದು ಸಾಲು ಬರೆಯಿರಿ: ತಾರೀಕು, ಹೊತ್ತು, ಗಾಳಿ ಮೂಡಣದಿಂದ, ಜೋರು 3.